ಚೇಂದಮಂಗಲಂ: ಪೆರಿಯಾರ್ ತೀರದ ಒಂದು ಹಳ್ಳಿ

ಕೇರಳದ ಎರ್ನಾಕುಲಂ ಜಿಲ್ಲೆಯ ಪರವೂರು ತಾಲ್ಲೂಕಿನಲ್ಲಿರುವ ಗ್ರಾಮ. ಕೊಚ್ಚಿ ನಗರದಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ, ಪೆರಿಯಾರ್ ನದಿ ಸಮುದ್ರ ಸೇರುವ ಮುನ್ನ ಕವಲು ಕವಲಾಗಿ ಹರಡಿಕೊಳ್ಳುವ ತಗ್ಗಿನಲ್ಲಿದೆ. ಮೂರು ಹೊಳೆ, ಏಳು ಕಾಲುವೆ, ನಡುನಡುವೆ ಗುಡ್ಡ, ಉಳಿದಂತೆ ಬಯಲು ಎಂದು ಊರವರು ತಮ್ಮ ನೆಲವನ್ನು ಬಣ್ಣಿಸುತ್ತಾರೆ. ಕೊಚ್ಚಿ ಸಂಸ್ಥಾನದ ಆನುವಂಶಿಕ ಮಂತ್ರಿಗಳಾಗಿದ್ದ ಪಾಲಿಯತ್ತಚ್ಚನ್‌ಗಳ ಮನೆತನ, ಯಹೂದಿಗಳ ಹಳೆಯ ಪ್ರಾರ್ಥನಾಲಯ, ಜೆಸ್ವಿಟ್ ಪಾದ್ರಿಗಳ ವಿದ್ಯಾಲಯದ ಅವಶೇಷ, ಕೈಮಗ್ಗದ ಮುಂಡು ಮತ್ತು 1947-48ರ ಪಾಲಿಯಂ ಸತ್ಯಾಗ್ರಹ ಈ ಊರಿಗೆ ಹೆಸರು ತಂದಿವೆ. ಇವುಗಳಲ್ಲಿ ಕೊನೆಯದನ್ನು ಪ್ರವಾಸಿ ಬರಹಗಳು ಬಿಟ್ಟುಬಿಡುವುದೇ ಹೆಚ್ಚು. ಅದನ್ನು ಬಿಟ್ಟರೆ ಊರಿನ ಪರಿಚಯ ಅರ್ಧಕ್ಕೇ ನಿಲ್ಲುತ್ತದೆ.

ಊರಿನ ಚರಿತ್ರೆಯನ್ನು ನಡೆಸಿದ್ದು ನೀರು. ಪೆರಿಯಾರ್‌ನ ಉದ್ದ 244 ಕಿ.ಮೀ.; ಅದರ ಅಳಿವೆಯ ಬಳಿಯಲ್ಲೇ ರೋಮನರ ಕಾಲದ ಮುಚಿರಿ ಬಂದರು ಇತ್ತು. ಗ್ರೀಕರು ಅದನ್ನು ಮುಜಿರಿಸ್ ಎಂದರು. ಅಲ್ಲಿಂದ ಅಲೆಕ್ಸಾಂಡ್ರಿಯದತ್ತ ಸರಕು ಹೊತ್ತ ಒಂದು ಹಡಗಿಗೆ ಸಂಬಂಧಿಸಿದ, ಕ್ರಿ.ಶ. 2ನೇ ಶತಮಾನದ ಸಾಲದ ಕರಾರುಪತ್ರ ಪಪೈರಸ್ ಹಾಳೆಯಲ್ಲಿ ಉಳಿದು ಇಂದು ವಿಯೆನ್ನಾದಲ್ಲಿದೆ. ಚೇಂದಮಂಗಲದಿಂದ ಕೆಲವೇ ಕಿಲೋಮೀಟರ್ ದೂರದ ಪಟ್ಟಣಂ ಎಂಬಲ್ಲಿ ತಿರುವನಂತಪುರದ ಕೇರಳ ಇತಿಹಾಸ ಸಂಶೋಧನಾ ಮಂಡಳಿ 2007ರಿಂದ ಉತ್ಖನನ ನಡೆಸಿತು. ಮೆಡಿಟರೇನಿಯನ್ ಕಡೆಯ ದ್ರಾಕ್ಷಾರಸದ ಜಾಡಿಗಳ ಚೂರು, ಗಾಜಿನ ಮಣಿ, ಇಟ್ಟಿಗೆ ಕಟ್ಟಡ, ದಕ್ಕೆಯಂಥ ರಚನೆ ಮತ್ತು ಒಂದೇ ಮರವನ್ನು ಕೊರೆದು ಮಾಡಿದ ದೋಣಿ ಅಲ್ಲಿ ಸಿಕ್ಕವು. ಪಟ್ಟಣಂ ಊರೇ ಮುಜಿರಿಸ್ ಎಂಬುದನ್ನು ಎಲ್ಲ ಇತಿಹಾಸಕಾರರೂ ಒಪ್ಪಿಲ್ಲ. ಆ ಬಂದರು ಈ ನೀರಿನ ಆಸುಪಾಸಿನಲ್ಲೇ ಇತ್ತು ಎಂಬುದಕ್ಕೆ ಮಾತ್ರ ಆ ಚೂರುಗಳು ಬಲವಾದ ಸಾಕ್ಷಿ. 1341ರಲ್ಲಿ ಪೆರಿಯಾರ್‌ಗೆ ಬಂದ ಮಹಾಪೂರದಿಂದ ಹೊಳೆಯ ಆಚೆಯ ಕೊಡುಂಗಲ್ಲೂರಿನ ಅಳಿವೆ ಹೂಳು ತುಂಬಿತು, ದಕ್ಷಿಣಕ್ಕೆ ಕೊಚ್ಚಿಯ ಅಳಿವೆ ತೆರೆದುಕೊಂಡಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹಡಗುಗಳು ಕೊಚ್ಚಿಯ ದಾರಿ ಹಿಡಿದವು. ವ್ಯಾಪಾರಕ್ಕೆ ಬಂದು ನೆಲೆಸಿದ ಜನರಲ್ಲಿ ಹಲವರು ಕೊಡುಂಗಲ್ಲೂರಿನ ಸುತ್ತಲಿನ ಹಳ್ಳಿಗಳಲ್ಲಿಯೇ ಉಳಿದರು. ಚೇಂದಮಂಗಲ ಅಂಥ ಹಳ್ಳಿಗಳಲ್ಲೊಂದು.

ಊರಿನ ನಡುವೆ ಕೋಟ್ಟಯಿಲ್ ಕೋವಿಲಕಂ ಎಂಬ ಸಣ್ಣ ಗುಡ್ಡವಿದೆ. ವಿಲ್ಲಾರ್‌ವಟ್ಟಂ ಎಂಬ ಅರಸುಮನೆತನ ಇಲ್ಲಿ ಆಳಿತ್ತು, ಅದರ ಕೊನೆಯ ಅರಸರು ಕ್ರೈಸ್ತರಾಗಿದ್ದರು ಎಂಬುದು ಪ್ರತೀತಿ. ಗುಡ್ಡದ ಮೇಲೆ ಕೃಷ್ಣನ ಗುಡಿ, ಇಳಿಜಾರಿನಲ್ಲಿ ಯಹೂದಿಗಳ ಪ್ರಾರ್ಥನಾಲಯ, ತಪ್ಪಲಿನಲ್ಲಿ ಹೊಳೆಗೆ ಮುಖ ಮಾಡಿದ ಪವಿತ್ರ ಶಿಲುಬೆಯ ಇಗರ್ಜಿ, ಸಮೀಪದಲ್ಲೇ ಮಸೀದಿ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಶಂಖ, ಗಂಟೆ, ಬಾಂಗು ಮತ್ತು ಯಹೂದಿಗಳ ಕೊಂಬಿನ ದನಿ ಒಂದೇ ಕಡೆ ನಿಂತು ಕೇಳಬಹುದಾದ ಊರು ಎಂದು ಚೇಂದಮಂಗಲವನ್ನು ಹೊಗಳುವ ರೂಢಿಯಿದೆ. ಇದರಲ್ಲಿ ಕೊಂಬಿನ ದನಿ ನಿಂತು ಎಷ್ಟೋ ದಶಕಗಳಾಗಿವೆ.

ಇಗರ್ಜಿಯ ಬಳಿ ಗೋಡೆಗಳ ಅವಶೇಷಗಳಿವೆ. ಇದು 16ನೇ ಶತಮಾನದ ಕೊನೆಯ ದಶಕಗಳಲ್ಲಿ ಜೆಸ್ವಿಟರು ಸ್ಥಾಪಿಸಿದ ವೈಪ್ಪಿಕ್ಕೋಟ್ಟ ಸೆಮಿನರಿಯ ಜಾಗ. ಕೇರಳದ ಸಂತ ಥಾಮಸ್ ಕ್ರೈಸ್ತರ ಆರಾಧನಾ ಭಾಷೆ ಸುರಿಯಾನಿ. ಪೋರ್ಚುಗೀಸರು ಬೇರೆಡೆ ಲ್ಯಾಟಿನ್ ಕಲಿಸಿ ಪಾದ್ರಿಗಳನ್ನು ತಯಾರು ಮಾಡುತ್ತಿದ್ದರೆ, ಇಲ್ಲಿ ಸುರಿಯಾನಿಯನ್ನೇ ಕಲಿಸಿದರು; ಊರಿನ ಜನ ಸುರಿಯಾನಿ ಬಾರದ ಪಾದ್ರಿಯನ್ನು ಒಪ್ಪುತ್ತಿರಲಿಲ್ಲ. ಇಲ್ಲಿ ಪಾಠ ಹೇಳಿದ ಫ್ರಾನ್ಸಿಸ್ಕೊ ರೋಸ್ ಎಂಬ ಪಂಡಿತ, 1599ರ ಉದಯಂಪೇರೂರು ಸಭೆಯ ನಂತರ, ಆ ಕ್ರೈಸ್ತರಿಗೆ ಮೊದಲ ಲ್ಯಾಟಿನ್ ಬಿಷಪ್ ಆದ. ಈಗ ಅಲ್ಲಿ ಕೆಂಪು ಮುರಕಲ್ಲಿನ ಗೋಡೆ, ಗಿಡಗಂಟಿಗಳಷ್ಟೇ ಕಾಣುತ್ತವೆ.

ಯಹೂದಿ ಪ್ರಾರ್ಥನಾಲಯದ ಅಂಗಳದಲ್ಲಿ ಒಂದು ಸಮಾಧಿಕಲ್ಲು ನಿಂತಿದೆ. ಹೀಬ್ರೂ ಅಕ್ಷರದಲ್ಲಿ ಸಾರಾ, ಇಸ್ರಾಯೇಲನ ಮಗಳು ಎಂಬ ಹೆಸರು, ಕ್ರಿ.ಶ. 1269ಕ್ಕೆ ಸಮನಾದ ಯಹೂದಿ ವರ್ಷ. ಭಾರತದಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಹೀಬ್ರೂ ಬರಹ ಇದು ಎಂದು ಪರಿಗಣಿತವಾಗಿದೆ. ಕೊಡುಂಗಲ್ಲೂರನ್ನು ಬಿಟ್ಟು ಬಂದವರು ಈ ಕಲ್ಲನ್ನೂ ತಂದರು ಎಂಬ ನಂಬಿಕೆಯಿದೆ. ಪ್ರಾರ್ಥನಾಲಯ 1420ರಷ್ಟು ಹಿಂದೆಯೇ ಇತ್ತು, ಈಗಿನ ಕಟ್ಟಡ 1614ರ ಸುಮಾರಿನದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ ಅದಕ್ಕೆ ಹಲವು ಸಲ ದುರಸ್ತಿಯಾಗಿದೆ. ಹೊರಗಿನಿಂದ ನೋಡಿದರೆ ದಪ್ಪ ಗೋಡೆಗೆ ಸುಣ್ಣ ಬಳಿದ, ಹಂಚು ಹೊದೆಸಿದ ಕೇರಳದ ಕಟ್ಟಡ. ಒಳಗೆ ಹೋದವರು ತಲೆ ಎತ್ತಿ ಮಾಳಿಗೆ ನೋಡಬೇಕು: ಮರದ ಚೌಕಗಳಲ್ಲಿ ಬಣ್ಣದ ತಾವರೆಗಳು. ಪಶ್ಚಿಮಕ್ಕೆ, ಅಂದರೆ ಜೆರುಸಲೇಮಿನ ದಿಕ್ಕಿಗೆ, ತೋರಾ ಸುರುಳಿಗಳನ್ನಿಡುತ್ತಿದ್ದ ಕೆತ್ತನೆಯ ಮರದ ಪೆಟ್ಟಿಗೆ. ನಡುವೆ ಕಟಕಟೆ ಕಟ್ಟಿದ, ಗ್ರಂಥ ಓದುವ ವೇದಿಕೆ.

ಅದೇ ಬಗೆಯ ಇನ್ನೊಂದು ವೇದಿಕೆ ಉಪ್ಪರಿಗೆಯ ಮುಂಭಾಗದಲ್ಲಿದೆ. ಇಂಥ ಜೋಡಿ ವೇದಿಕೆ ಕೇರಳದ ಪ್ರಾರ್ಥನಾಲಯಗಳ ವಿಶೇಷ. ಲೋಕದ ಬೇರೆ ಕಡೆಯ ಯಹೂದಿಗಳಲ್ಲಿ ಇದು ಕಾಣುವುದಿಲ್ಲ. ಸಬ್ಬತ್ ದಿನ, ಹಬ್ಬದ ದಿನ ಮೇಲಿನ ವೇದಿಕೆಯಲ್ಲಿ ಓದುತ್ತಿದ್ದರು. ಅದರ ಬೆನ್ನಿಗೇ ಮರದ ಜಾಲಂದರ, ಜಾಲಂದರದ ಹಿಂದೆ ಹೆಂಗಸರು ಕೂರುವ ಕೋಣೆ. ಹೀಗಾಗಿ ಓದುವ ದನಿ ಮೊದಲು ಮುಟ್ಟುತ್ತಿದ್ದುದು ಅವರಿಗೆ. ಕೇರಳದ ಯಹೂದಿ ಹೆಂಗಸರು ಮಲಯಾಳದಲ್ಲಿ ಕಟ್ಟಿ ಹಾಡಿ, ನೋಟುಪುಸ್ತಕಗಳಲ್ಲಿ ಬರೆದಿಟ್ಟ ಹಾಡುಗಳ ದೊಡ್ಡ ಸಂಪತ್ತೇ ಉಳಿದುಬಂದಿದೆ. ಬೈಬಲ್ಲಿನ ಕತೆ, ಮದುವೆಯ ಸಂಭ್ರಮ, ಊರಿನ ಪ್ರಾರ್ಥನಾಲಯ ಕಟ್ಟಿದ ಸಂಗತಿ ಎಲ್ಲವೂ ಅದರಲ್ಲಿವೆ. ಸ್ಕರಿಯ ಸಕರಿಯ ಮತ್ತು ಓಫಿರಾ ಗಮ್ಲಿಯೇಲ್ ಅವುಗಳ ಒಂದು ಸಂಕಲನವನ್ನು 2005ರಲ್ಲಿ ಹೊರತಂದರು.

ಇಸ್ರೇಲ್ ರಾಷ್ಟ್ರ ಹುಟ್ಟಿದ ಮೇಲೆ, 1950ರ ದಶಕದ ಮಧ್ಯದ ಹೊತ್ತಿಗೆ, ಚೇಂದಮಂಗಲದ ಯಹೂದಿಗಳು ಹೆಚ್ಚುಕಡಿಮೆ ಎಲ್ಲರೂ ಅಲ್ಲಿಗೆ ಹೊರಟರು. ಕಿರುಕುಳಕ್ಕೆ ಹೆದರಿ ಓಡಿದವರಲ್ಲ. ಧರ್ಮಶ್ರದ್ಧೆ ಮತ್ತು ಹೊಸ ನಾಡಿನ ಆಸೆ ಅವರನ್ನು ಕರೆದೊಯ್ದವು. ಅಂಗಡಿ ವ್ಯಾಪಾರ ಮಾಡಿಕೊಂಡಿದ್ದವರು ಅಲ್ಲಿ ಬರಡು ನೆಲದ ಕೃಷಿಕರಾದರು. ಇದೇ ಊರಲ್ಲಿ ಹುಟ್ಟಿದ ಎಲಿಯಾಹು ಬೆಜಲೇಲ್ ನೆಗೆವ್ ಮರುಭೂಮಿಯ ಕಡೆ ಹಸಿರುಮನೆಗಳಲ್ಲಿ ಗುಲಾಬಿ ಬೆಳೆದು ಯೂರೋಪಿಗೆ ಕಳಿಸಿ ಹೆಸರಾದರು; ಭಾರತ ಸರ್ಕಾರ 2006ರಲ್ಲಿ ಅವರಿಗೆ ಪ್ರವಾಸಿ ಭಾರತೀಯ ಸಮ್ಮಾನ್ ಕೊಟ್ಟಿತು. ಹಾಳು ಬಿದ್ದಿದ್ದ ಪ್ರಾರ್ಥನಾಲಯವನ್ನು ಕೇರಳದ ಪುರಾತತ್ವ ಇಲಾಖೆ ದುರಸ್ತಿ ಮಾಡಿಸಿತು. 2006ರಿಂದ ಅದು ಊರಿನ ಯಹೂದಿಗಳ ಬದುಕನ್ನು ತೋರಿಸುವ ಪ್ರದರ್ಶನಾಲಯವಾಗಿದೆ.

ಇನ್ನು ಪಾಲಿಯಂ. 1632ರಿಂದ 1809ರವರೆಗೆ ಕೊಚ್ಚಿ ಅರಸರಿಗೆ ಪ್ರಧಾನಮಂತ್ರಿಗಳಾಗಿದ್ದವರು ಈ ನಾಯರ್ ಮನೆತನದ ಹಿರಿಯರು. ಹಿರಿಯನಿಗೆ ಪಾಲಿಯತ್ತಚ್ಚನ್ ಎಂಬ ಬಿರುದು. ಅರಸನಿಗಿಂತ ಮಂತ್ರಿಯ ಆಸ್ತಿಯೇನೂ ಕಡಿಮೆ ಇರಲಿಲ್ಲ. ಕೊಚ್ಚಿಯಲ್ಲಿ ಅರ್ಧ ಪಾಲಿಯಂ ಎಂಬ ಮಾತು ಮಲಯಾಳದಲ್ಲಿ ಇಂದಿಗೂ ಇದೆ. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಾಗ ಪಾಲಿಯತ್ತಚ್ಚನ್ ಡಚ್ಚರ ಕಡೆಗಿದ್ದ. ಡಚ್ಚರು ಋಣ ತೀರಿಸಲು ಕಟ್ಟಿಸಿಕೊಟ್ಟದ್ದು ಎನ್ನುವ ಪಾಲಿಯಂ ಕೋವಿಲಕ ಎರಡಂತಸ್ತಿನ ಕಟ್ಟಡ: ಯೂರೋಪಿಯನ್ ಬಗೆಯ ದಪ್ಪ ಗೋಡೆ, ಕೇರಳದ ಮರದ ಕೆಲಸ. ಸ್ವಲ್ಪ ದೂರದಲ್ಲಿ ಪಾಲಿಯಂ ನಾಲುಕೆಟ್ಟು. ನಡುವಂಗಳದ ಸುತ್ತ ನಾಲ್ಕು ಕಡೆ ಕಟ್ಟಿದ ತೊಟ್ಟಿಮನೆ. ಅಳಿಯಸಂತಾನದ ಕುಟುಂಬದಲ್ಲಿ ಮನೆ ಹೆಂಗಸರದು. ಅಲ್ಲಿ ವಾಸವಿದ್ದವರೂ ಹೆಂಗಸರು ಮತ್ತು ಮಕ್ಕಳು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಅಳಿಯಕಟ್ಟಿನ ಮನೆಗಳನ್ನು ಬಲ್ಲ ಓದುಗರಿಗೆ ಈ ವ್ಯವಸ್ಥೆ ಹೊಸದೆನಿಸದು. ಎರಡೂ ಕಟ್ಟಡಗಳು ಈಗ ಕೇರಳ ಸರ್ಕಾರದ ಮುಜಿರಿಸ್ ಪರಂಪರೆ ಯೋಜನೆಯ ಮ್ಯೂಸಿಯಂಗಳು.

ಈ ಮನೆಯವರ ಬಳಿಯಿದ್ದ ತಾಮ್ರಶಾಸನವೊಂದು ಊರನ್ನು ತಿರುವನಂತಪುರದ ಕಡೆಯ ಹಳೆಯ ಚರಿತ್ರೆಗೆ ಜೋಡಿಸುತ್ತದೆ. ತಿರುವನಂತಪುರದ ಸಮೀಪದ ವಿಳಿಂಜಂ ಸುತ್ತಮುತ್ತ ಆಳಿದ ಆಯ್ ವಂಶದ ವಿಕ್ರಮಾದಿತ್ಯ ವರಗುಣ ಬರೆಸಿದ ಶಾಸನ ಅದು. ಕಾಲ 9ನೇ ಶತಮಾನದ ಕೊನೆ ಅಥವಾ 10ನೆಯದರ ಆರಂಭ. ಬುದ್ಧ, ಧರ್ಮ, ಸಂಘಗಳ ಸ್ತುತಿಯಿಂದ ಶುರುವಾಗಿ ಶ್ರೀಮೂಲವಾಸ ಎಂಬ ಬೌದ್ಧ ನೆಲೆಗೆ ಭೂಮಿ ದತ್ತಿ ಕೊಟ್ಟದ್ದನ್ನು ಹೇಳುತ್ತದೆ. ಕೇರಳದಲ್ಲಿ ಬೌದ್ಧಧರ್ಮಕ್ಕೆ ರಾಜಾಶ್ರಯವಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಲಿಖಿತ ಆಧಾರ ಸಿಗುವುದು ಕಷ್ಟ. ತಿರುವಾಂಕೂರು ಸಂಸ್ಥಾನದ ಪುರಾತತ್ವಾಧಿಕಾರಿಯಾಗಿದ್ದ ಟಿ. ಎ. ಗೋಪಿನಾಥ ರಾವ್ ಅದನ್ನು ಸಂಪಾದಿಸಿ ಪ್ರಕಟಿಸಿದರು. ದಕ್ಷಿಣದ ತುದಿಯ ಅರಸನ ಶಾಸನ ಇಷ್ಟು ದೂರದ ಹೊಳೆಯೂರಿನ ಮನೆಗೆ ಹೇಗೆ ಬಂತೆಂಬ ಕುತೂಹಲ ಯಾರಿಗಾದರೂ ಆಗಬೇಕು.

ಕೊಚ್ಚಿ ಮತ್ತು ತಿರುವಾಂಕೂರು ಎರಡೂ ರಾಜ್ಯಗಳು ಒಂದನ್ನೊಂದು ಮುಟ್ಟುವ ಜಾಗದಲ್ಲಿ ಚೇಂದಮಂಗಲವಿತ್ತು. ನೆರೆಯ ಪರವೂರು 18ನೇ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರಿಗೆ ಸೇರಿತು. ಚೇಂದಮಂಗಲ ಕೊಚ್ಚಿಯಲ್ಲೇ ಉಳಿಯಿತು. ಹೊಳೆಯ ಆಚೆಯ ಕೊಡುಂಗಲ್ಲೂರು ಕೋಟೆಯನ್ನು ಡಚ್ಚರು 1789ರಲ್ಲಿ ತಿರುವಾಂಕೂರಿಗೆ ಮಾರಿದರು. ಟಿಪ್ಪು ಸುಲ್ತಾನ್ ಕೆರಳಲು ಇದೂ ಒಂದು ಕಾರಣ. ಆ ವರ್ಷದ ಡಿಸೆಂಬರಿನಲ್ಲಿ ಮೈಸೂರಿನ ಸೈನ್ಯ ತಿರುವಾಂಕೂರಿನ ನೆಡುಂಕೋಟ್ಟ ಎಂಬ ಗಡಿಗೋಡೆಯ ಮೇಲೆ ಬಿತ್ತು. ಮರುವರ್ಷ ಗೋಡೆ ಒಡೆಯಿತು, ಕೊಡುಂಗಲ್ಲೂರು ಕೋಟೆಯೂ ನಾಶವಾಯಿತು. ಮೂರನೇ ಮೈಸೂರು ಯುದ್ಧ ಹೊತ್ತಿಕೊಂಡದ್ದು ಇಲ್ಲಿಂದ. ಅದು ಮುಗಿದದ್ದು ಶ್ರೀರಂಗಪಟ್ಟಣದಲ್ಲಿ.

ಎರಡು ರಾಜ್ಯಗಳ ಮಂತ್ರಿಗಳು ಒಂದೇ ಹೋರಾಟಕ್ಕೆ ಕೈಜೋಡಿಸಿದ್ದೂ ಇದೆ. ತಿರುವಾಂಕೂರಿನ ದಳವಾಯಿ ವೇಲುತಂಬಿ ಮತ್ತು ಪಾಲಿಯತ್ತಚ್ಚನ್ ಗೋವಿಂದನ್ ಬ್ರಿಟಿಷರ ಹಸ್ತಕ್ಷೇಪದಿಂದ ಬೇಸತ್ತಿದ್ದರು. 1808ರ ಡಿಸೆಂಬರಿನಲ್ಲಿ ಅವರ ಜನ ಕೊಚ್ಚಿಯಲ್ಲಿ ರೆಸಿಡೆಂಟ್ ಕರ್ನಲ್ ಮೆಕಾಲೆಯ ನಿವಾಸಕ್ಕೆ ನುಗ್ಗಿದರು, ಮೆಕಾಲೆ ತಪ್ಪಿಸಿಕೊಂಡ. 1809ರ ಜನವರಿಯಲ್ಲಿ ವೇಲುತಂಬಿ ಕುಂಡರದಲ್ಲಿ ಜನರಿಗೆ ಕರೆ ಕೊಟ್ಟ. ಬಂಡಾಯ ಬೇಗ ಸೋತಿತು. ವೇಲುತಂಬಿ ಮಣ್ಣಡಿಯಲ್ಲಿ ಪ್ರಾಣ ಬಿಟ್ಟ. ಅದಕ್ಕೂ ಮೊದಲೇ ಬ್ರಿಟಿಷರೊಡನೆ ರಾಜಿಯಾಗಿದ್ದ ಪಾಲಿಯತ್ತಚ್ಚನ್‌ನನ್ನು ಗಡೀಪಾರು ಮಾಡಿ ಮದರಾಸಿಗೆ, ಆಮೇಲೆ ಕಾಶಿಗೆ ಕಳಿಸಿದರು. ಮನೆತನದ ಮಂತ್ರಿಗಿರಿ ಅಲ್ಲಿಗೆ ಮುಗಿಯಿತು, ಭೂಮಿ ಮತ್ತು ದರ್ಪ ಉಳಿದವು.

ಆ ದರ್ಪ ಎಷ್ಟಿತ್ತೆಂಬುದು ಪಾಲಿಯಂ ಮನೆಯ ಮುಂದಿನ ರಸ್ತೆಯಲ್ಲಿ ತಿಳಿಯುತ್ತಿತ್ತು. ಈಳವರು, ಪುಲಯರು ಮೊದಲಾದ ಜಾತಿಗಳವರು ಆ ರಸ್ತೆಯಲ್ಲಿ ನಡೆಯುವಂತಿರಲಿಲ್ಲ. ತಿರುವಾಂಕೂರಿನ ವೈಕಂನಲ್ಲಿ ಗುಡಿಯ ಸುತ್ತಲಿನ ರಸ್ತೆಗಾಗಿ ನಡೆದ ಸತ್ಯಾಗ್ರಹ 1925ರಲ್ಲೇ ಮುಗಿದಿತ್ತು. ತಿರುವನಂತಪುರದಲ್ಲಿ ಚಿತ್ತಿರ ತಿರುನಾಳ್ ಮಹಾರಾಜರು 1936ರ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಡಿಸಿ ತಿರುವಾಂಕೂರಿನ ಸರ್ಕಾರಿ ಗುಡಿಗಳನ್ನು ಎಲ್ಲ ಹಿಂದೂಗಳಿಗೂ ತೆರೆದಿದ್ದರು. ಆದ್ದರಿಂದ ತಿರುವಾಂಕೂರಿಗೆ ಸೇರಿದ್ದ ಪರವೂರಿನಲ್ಲಿ ಗುಡಿಯೊಳಗೇ ಹೋಗಬಲ್ಲವನು, ಅಲ್ಲಿಂದ ಅರ್ಧ ತಾಸು ನಡೆದು ಕೊಚ್ಚಿಯ ಚೇಂದಮಂಗಲಕ್ಕೆ ಬಂದರೆ ಬೀದಿಯಲ್ಲೂ ಕಾಲಿಡುವಂತಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳುಗಳಾದರೂ ಇದೇ ಸ್ಥಿತಿ. 1947ರ ಡಿಸೆಂಬರ್ 4ರಂದು ತಿರುವಾಂಕೂರಿನ ನಾಯಕ ಸಿ. ಕೇಶವನ್ ಅವರು ಸತ್ಯಾಗ್ರಹವನ್ನು ಉದ್ಘಾಟಿಸಿದರು. ಈಳವರ ಸಂಘಟನೆಯಾದ ಎಸ್‌ಎನ್‌ಡಿಪಿ ಯೋಗ, ಕಮ್ಯುನಿಸ್ಟರು ಮತ್ತಿತರ ಸಂಘಟನೆಗಳು ಜೊತೆಯಾದವು. ದಿನದಿನವೂ ತಂಡ ತಂಡವಾಗಿ ಜನ ನಿಷೇಧದ ಗಡಿ ದಾಟಲು ಹೋಗಿ ಏಟು ತಿಂದರು, ಜೈಲು ಸೇರಿದರು. ಕೊಡುಂಗಲ್ಲೂರು ಕೋವಿಲಕದ, ಅಂದರೆ ಕ್ಷತ್ರಿಯ ಅರಸುಮನೆಯ ಹೆಂಗಸರೂ ಅವರೊಡನೆ ನಿಂತರು. 1948ರ ಮಾರ್ಚಿನಲ್ಲಿ ಪೊಲೀಸರ ಹೊಡೆತಕ್ಕೆ ಎ. ಜಿ. ವೇಲಾಯುಧನ್ ಎಂಬ ಕಾರ್ಯಕರ್ತ ಸತ್ತರು. ಸುಮಾರು ನೂರು ದಿನ ನಡೆದ ಹೋರಾಟ ಆ ಬಳಿಕ ಕೊನೆಗೊಂಡಿತು. ಅದೇ ವರ್ಷ ಕೊಚ್ಚಿಯಲ್ಲೂ ದೇವಾಲಯ ಪ್ರವೇಶ ಜಾರಿಗೆ ಬಂದು ರಸ್ತೆ ಎಲ್ಲರದಾಯಿತು. 1949ರ ಜುಲೈ 1ರಂದು ತಿರುವಾಂಕೂರು, ಕೊಚ್ಚಿ ಎರಡೂ ಒಂದಾಗಿ ತಿರುವನಂತಪುರ ರಾಜಧಾನಿಯಾಯಿತು.

ನಾಲ್ಕು ಧರ್ಮಗಳ ನೆರೆಹೊರೆಯನ್ನು ಕೊಂಡಾಡುವ ಬರಹಗಳು ಈ ರಸ್ತೆಯನ್ನು ನೆನೆಯದೆ ಮುಂದೆ ಹೋಗುವುದು ಅನ್ಯಾಯ. ಯಹೂದಿಗಳಿಗೂ ಕ್ರೈಸ್ತರಿಗೂ ನೆಲೆ ಸಿಕ್ಕ ಊರಿನಲ್ಲೇ ತಲೆಮಾರುಗಳಿಂದ ದುಡಿದ ರೈತಾಪಿ ಜನಕ್ಕೆ ದಾರಿ ಸಿಕ್ಕಿರಲಿಲ್ಲ. ಎರಡೂ ನಿಜ, ಎರಡೂ ಈ ಊರಿನ ಪರಂಪರೆ.

ಕನ್ನಡಿಗರಿಗೆ ಹತ್ತಿರದ ಎಳೆ ಇರುವುದು ಮಗ್ಗದಲ್ಲಿ. ಪಾಲಿಯಂ ಮನೆಯವರಿಗೆ ನಯವಾದ ಹತ್ತಿ ಬಟ್ಟೆ ನೇಯಲು ಕರೆತಂದವರು ದೇವಾಂಗ ಚೆಟ್ಟಿಯಾರರು, ಅವರ ಮೂಲ ಕರ್ನಾಟಕ ಎಂದು ಪರಂಪರೆ ಹೇಳುತ್ತದೆ. ಹಳೆಯ ಕೊಚ್ಚಿ ಸಂಸ್ಥಾನದ ಮತ್ತೊಂದು ಹೊಳೆದಂಡೆಯ ನೇಕಾರ ಊರು, ತೃಶ್ಶೂರು ಜಿಲ್ಲೆಯ ಕುತ್ತಾಂಪುಳ್ಳಿ. ಅಲ್ಲಿಯೂ ನೇಯುವವರು ದೇವಾಂಗರೇ; ಭಾರತಪುಳ ಮತ್ತು ಗಾಯತ್ರಿ ಹೊಳೆಗಳು ಕೂಡುವ ಆ ಊರಿನ ಮನೆಗಳಲ್ಲಿ ಮಲಯಾಳ, ತಮಿಳು ಬೆರೆತ ಕನ್ನಡ ಈಗಲೂ ಕೇಳಿಸುತ್ತದೆ, ಚೌಡೇಶ್ವರಿಯ ಪೂಜೆಯೂ ನಡೆಯುತ್ತದೆ. ತಿರುವನಂತಪುರದ ಬಳಿಯ ಬಲರಾಮಪುರದ ಕತೆ ಬೇರೆ: ಅಲ್ಲಿ ನೇಯುವವರು ತಮಿಳು ಮೂಲದ ಶಾಲಿಯರು, ಬಲರಾಮ ವರ್ಮ ಮಹಾರಾಜರ ಕಾಲದಲ್ಲಿ, 19ನೇ ಶತಮಾನದ ಆರಂಭದಲ್ಲಿ, ಅವರನ್ನು ಕರೆಸಿಕೊಂಡರು. ಚೇಂದಮಂಗಲದಲ್ಲಿ ಕಸುಬು ಒಂದೇ ಜಾತಿಯಲ್ಲಿ ನಿಲ್ಲಲಿಲ್ಲ. ಸುತ್ತಲಿನ ಈಳವರೂ ಇತರರೂ ಕಲಿತರು, ಸಹಕಾರ ಸಂಘಗಳು ಬಂದವು, ಇಂದು ಮಗ್ಗದ ಮುಂದೆ ಕೂರುವವರಲ್ಲಿ ಹೆಂಗಸರೇ ಹೆಚ್ಚು.

ಚೇಂದಮಂಗಲದ ಮುಂಡು ಮತ್ತು ಸೆಟ್ ಮುಂಡನ್ನು ಗುರುತಿಸುವುದು ಅಂಚಿನಿಂದ. ಪುಳಿಯಿಲಕ್ಕರ ಎಂಬ ಅಂಚು ಹುಣಸೆ ಎಲೆಯಷ್ಟು ಸಣ್ಣ. ಬಿಳಿಯ ಬಟ್ಟೆಯ ಬದಿಯಲ್ಲಿ ಒಂದು ಬಣ್ಣದ ಗೆರೆ, ಅಷ್ಟೇ. ಜರಿಯ ಅಬ್ಬರ ಇಲ್ಲದಿರುವುದರಿಂದ ನೇಯ್ಗೆಯ ದೋಷ ಅಡಗಿಸಲು ಜಾಗವೇ ಇಲ್ಲ: ಹಾಸಿನ ಒಂದೆಳೆ ಸಡಿಲವಾದರೂ, ಹೊಕ್ಕು ಒಂದು ಕಡೆ ದಟ್ಟವಾದರೂ ಬೆಳಕಿಗೆ ಹಿಡಿದ ಕೂಡಲೇ ಕಾಣುತ್ತದೆ. ಸಣ್ಣ ನೂಲಿನ ಲಡಿಗಳನ್ನು ದಿನಗಟ್ಟಲೆ ನೆನೆಸಿ, ತುಳಿದು ಮೇಣದಂಶ ತೆಗೆದು, ಗಂಜಿ ಹಾಕಿ ಒಣಗಿಸುತ್ತಾರೆ. ರಾಟೆಯಲ್ಲಿ ಸುತ್ತಿ, ಹಾಸು ಹೂಡಿ, ಹಣಿಗೆಯ ಸಂದುಗಳಲ್ಲಿ ಎಳೆ ಎಳೆಯಾಗಿ ತೂರಿಸಿದ ಮೇಲೆಯೇ ಲಾಳಿ ಓಡುವುದು. ಬಲರಾಮಪುರ, ಕುತ್ತಾಂಪುಳ್ಳಿ, ಕಾಸರಗೋಡಿನ ಸೀರೆಗಳಂತೆ ಚೇಂದಮಂಗಲದ ಬಟ್ಟೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

2018ರ ಆಗಸ್ಟ್ ಮಧ್ಯದ ಪ್ರವಾಹ ಈ ಕಸುಬಿನ ಬುಡವನ್ನೇ ಅಲುಗಾಡಿಸಿತು. ಆ ವರ್ಷ ತಿರುವೋಣಂ ಆಗಸ್ಟ್ 25ಕ್ಕೆ. ಕೇರಳದ ಕೈಮಗ್ಗಕ್ಕೆ ವರ್ಷದ ಮುಖ್ಯ ಮಾರಾಟ ಓಣಂ ಹೊತ್ತಿನದು. ಮಾರಲು ಸಿದ್ಧವಾಗಿದ್ದ ದಾಸ್ತಾನು ಕೆಸರಿನಲ್ಲಿ ಮುಳುಗಿತು, ಮಗ್ಗದ ಗುಂಡಿಗಳಲ್ಲಿ ನೀರು ನಿಂತಿತು, ಮರದ ಚೌಕಟ್ಟುಗಳು ಬಾಗಿದವು. ಕರಿಂಪಾಡದ ನೇಕಾರರ ಸಹಕಾರ ಸಂಘದಲ್ಲಿ ಸುಡಲು ತೆಗೆದಿಟ್ಟಿದ್ದ ಕೊಳೆಯಾದ ಸೀರೆಗಳನ್ನು ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬಿಬ್ಬರು ತೆಗೆದುಕೊಂಡು, ಸೋಂಕು ನಿವಾರಿಸಿ, ಚೇಕುಟ್ಟಿ ಎಂಬ ಪುಟ್ಟ ಗೊಂಬೆಗಳನ್ನು ಮಾಡಿಸಿದರು. ಕೆಸರಿನ ಕಲೆಯನ್ನು ಹಾಗೆಯೇ ಉಳಿಸಿದ ಗೊಂಬೆ ಅದು. ದೇಶವಿದೇಶದಲ್ಲಿ ಜನ ಕೂತು ಗೊಂಬೆ ಕಟ್ಟಿಕೊಟ್ಟರು, ಬಂದ ಹಣ ನೇಕಾರರಿಗೆ ಹೋಯಿತು. ಆದರೂ ಮಗ್ಗಗಳನ್ನು ಮತ್ತೆ ಎಬ್ಬಿಸಿದ್ದು ನೇಕಾರರ ಹಠವೇ. ಸರ್ಕಾರಿ ಶಾಲೆಯ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಕೊಡುವ ಕೇರಳ ಸರ್ಕಾರದ ಯೋಜನೆಯಿಂದ ಹಲವು ಸಂಘಗಳಿಗೆ ಹಬ್ಬ ಕಾಯದೆ ಕೆಲಸ ಸಿಗುತ್ತಿದೆ. ಅದು ಒಳ್ಳೆಯದೇ, ಆದರೆ ಸಣ್ಣ ನೂಲಿನ ಮುಂಡು ನೇಯುವ ಕೈಗಳಿಗೂ ಅಷ್ಟೇ ಖಚಿತವಾದ ಕೂಲಿ ಬೇಕು, ಇಲ್ಲವಾದರೆ ಮಕ್ಕಳು ಈ ಗುಂಡಿಗೆ ಇಳಿಯುವುದಿಲ್ಲ.

ಪಂಚಾಯಿತಿಗೆ ಸೇರಿದ ಗೋತುರುತ್ತ್ ಎಂಬ ನಡುಗಡ್ಡೆ ಚವಿಟ್ಟುನಾಟಕದ ತವರು. ಪೋರ್ಚುಗೀಸರ ಕಾಲದಲ್ಲಿ ಕರಾವಳಿಯ ಲ್ಯಾಟಿನ್ ಕ್ರೈಸ್ತರಲ್ಲಿ ಬೆಳೆದ ಈ ಕಲೆಯಲ್ಲಿ ನಟರೇ ಹಾಡಿ, ಹಲಗೆಯ ರಂಗದ ಮೇಲೆ ಕಾಲು ಅಪ್ಪಳಿಸಿ ಕುಣಿಯುತ್ತಾರೆ. ಕಿರೀಟ, ಕವಚ, ಬೂಟು ಯೂರೋಪಿನ ಸಿಪಾಯಿಗಳದು, ಹಳೆಯ ಪಠ್ಯಗಳ ಭಾಷೆಯಲ್ಲಿ ತಮಿಳಿನ ಪಾಲು ದೊಡ್ಡದು, ಕಲಿಸುವವರು ಆಶಾನ್‌ಗಳು. ಬಹು ಪ್ರಸಿದ್ಧ ಪ್ರಸಂಗ ಕಾರಲ್ಮಾನ್ ಚರಿತೆ, ಅಂದರೆ ಫ್ರಾಂಕರ ಚಕ್ರವರ್ತಿ ಶಾರ್ಲಮೇನ್ ಮತ್ತು ಅವನ ವೀರರ ಕತೆ. ಫ್ರಾನ್ಸಿನ ಜನ ಶತಮಾನಗಳ ಕಾಲ ಕೇಳುತ್ತ ಬಂದ, ಆ ವೀರರಲ್ಲೊಬ್ಬನಾದ ರೋಲಾಂಡನ ಸಾಹಸವನ್ನು ಪೆರಿಯಾರ್ ನಡುಗಡ್ಡೆಯ ಮೀನುಗಾರರೂ ಕೂಲಿಗಳೂ ರಾತ್ರಿಯಿಡೀ ಆಡಿದ್ದಾರೆ. ನಮ್ಮ ಯಕ್ಷಗಾನದಂತೆ ಇದೂ ಪಾದದ ಗತ್ತನ್ನೇ ನೆಚ್ಚಿದ ಕಲೆ, ಆದರೆ ಮೆಟ್ಟು ಇನ್ನೂ ಒರಟು.

ಹಿನ್ನೆಲೆ ಗಾಯಕ ಪಿ. ಜಯಚಂದ್ರನ್ (1944-2025) ಪಾಲಿಯಂ ಕುಟುಂಬದವರು. 1987ರ ‘ಒಲವಿನ ಉಡುಗೊರೆ’ ಚಿತ್ರದ ಶೀರ್ಷಿಕೆ ಗೀತೆಯಿಂದ ಅವರ ಕಂಠ ಕನ್ನಡಿಗರಿಗೆ ಚಿರಪರಿಚಿತ. 2025ರ ಜನವರಿಯಲ್ಲಿ ತೃಶ್ಶೂರಿನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದು ಚೇಂದಮಂಗಲದ ಪಾಲಿಯಂ ಮನೆಯ ನೆಲದಲ್ಲೇ.

ಊರು ನೋಡಲು ಒಳ್ಳೆಯ ಹೊತ್ತು ಏಪ್ರಿಲ್ ಮಧ್ಯ, ವಿಷು ಹಬ್ಬದ ಮುನ್ನಿನ ದಿನಗಳು. ಆಗ ಪಾಲಿಯಂ ಬಯಲಲ್ಲಿ ಮಾಟ್ಟಚ್ಚಂದ ಎಂಬ ಸಂತೆ ಸೇರುತ್ತದೆ. ಹಿಂದೆ ಇಲ್ಲಿ ದುಡ್ಡು ನಡೆಯುತ್ತಿರಲಿಲ್ಲ. ದ್ವೀಪದವರು ಒಣಮೀನು ತಂದು ಗೆಡ್ಡೆಗೆಣಸು ಒಯ್ಯುತ್ತಿದ್ದರು, ಕುಂಬಾರರು ಮಡಕೆ ಕೊಟ್ಟು ಧಾನ್ಯ ಪಡೆಯುತ್ತಿದ್ದರು. ಈಗ ವ್ಯಾಪಾರ ದುಡ್ಡಿನದೇ. ಮಡಕೆ, ಚಾಪೆ, ಮಾವು, ವಿಷುಕಣಿಗೆ ಬೇಕಾದ ಬಣ್ಣದ ಸೌತೆ, ಮರಗೆಣಸು ಇಂದಿಗೂ ರಾಶಿ ಬೀಳುತ್ತವೆ. ಉತ್ತರ ಪರವೂರಿನಿಂದ ಬಸ್ಸು, ಆಟೊ ಸಿಗುತ್ತವೆ. ಮುಜಿರಿಸ್ ಯೋಜನೆಯ ದೋಣಿಯಲ್ಲಿ ಬಂದರೆ ಪಾಲಿಯಂ, ಯಹೂದಿ ಪ್ರಾರ್ಥನಾಲಯ ಮತ್ತು ಹೊಳೆಯಾಚೆಯ ಕೋಟ್ಟಪ್ಪುರಂ (ಕೊಡುಂಗಲ್ಲೂರು) ಕೋಟೆಯ ಅವಶೇಷಗಳನ್ನು ಒಂದೇ ದಿನದಲ್ಲಿ ನೋಡಬಹುದು.